ಸಿಯೆಮ್ ರೀಪ್ ಅಥವಾ ಚಿಯಾಂಗ್ ಮಾಯ್: ಕಡಿಮೆ ಖರ್ಚಿನ ಗುಡಿ ಪ್ರವಾಸಕ್ಕೆ ಯಾವ ಊರು?

ಹೋದ ತಿಂಗಳು ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಡಿಸೆಂಬರ್‌ನಲ್ಲಿ ಒಂದು ವಾರ ರಜೆ ಸಿಗುತ್ತೆ. ಜಾಸ್ತಿ ದುಡ್ಡಿಲ್ಲ. ಹಳೇ ಗುಡಿಗಳಿರೋ ಊರು ನೋಡಬೇಕು ಅಂತ ಆಸೆ. ಅಂಗ್ಕೋರ್ ವಾಟ್‌ಗೆ ಹೋಗ್ಲಾ, ಚಿಯಾಂಗ್ ಮಾಯ್‌ಗೆ ಹೋಗ್ಲಾ?" ಎಂದು ಕೇಳಿದಳು. ನಾನು ಎರಡೂ ಕಡೆ ಹೋಗಿ ಬಂದಿದ್ದೇನೆ. ಅಂಗ್ಕೋರ್ ವಾಟ್ ಇರುವ ಸಿಯೆಮ್ ರೀಪ್‌ಗೆ ಗಂಡನ ಜೊತೆ, ಚಿಯಾಂಗ್ ಮಾಯ್‌ಗೆ ಅಪ್ಪ ಅಮ್ಮನನ್ನು ಕರೆದುಕೊಂಡು. ಅವಳ ಜೊತೆ ಒಂದು ಗಂಟೆಗಿಂತ ಹೆಚ್ಚು ಮಾತಾಡಿದೆ. ಇದೇ ಪ್ರಶ್ನೆ ಇನ್ನೂ ಎಷ್ಟೋ ಜನರಿಗೆ ಇರುತ್ತದೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡಿನ ಲೆಕ್ಕ ಒಂದನ್ನೇ ನೋಡಿದರೆ ಚಿಯಾಂಗ್ ಮಾಯ್ ಅಗ್ಗ. ಅದರಲ್ಲಿ ಅನುಮಾನ ಬೇಡ. ಆದರೆ ಹಳೇಬೀಡಿನ ಗೋಡೆ ಮುಂದೆ ನಿಂತು, ಬಸ್ಸಿನವರು ಹಾರ್ನ್ ಹೊಡೆದರೂ ಕಾಲು ಕೀಳಲಾಗದೆ ಇದ್ದವರು ನೀವಾದರೆ, ಹೆಚ್ಚಿನ ದುಡ್ಡು ಕೊಟ್ಟು ಸಿಯೆಮ್ ರೀಪ್‌ಗೇ ಹೋಗಿ. ಆ ಖರ್ಚಿಗೆ ನೀವು ಮರುಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ, ಇಲ್ಲವೇ ಹತ್ತು ದಿನ ಒಂದೇ ಕಡೆ ಆರಾಮಾಗಿ ಇರಬೇಕು ಅಂತಿದ್ದರೆ ಚಿಯಾಂಗ್ ಮಾಯ್. ಇನ್ನು ನೀವು ಹೋಗುವುದು ಮಾರ್ಚ್ ತಿಂಗಳಲ್ಲಾದರೆ ಚಿಯಾಂಗ್ ಮಾಯ್ ಹೆಸರನ್ನೇ ಎತ್ತಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಊರುಗಳ ಪರಿಚಯ ಚುಟುಕಾಗಿ. ಸಿಯೆಮ್ ರೀಪ್ ಇರುವುದು ಕಾಂಬೋಡಿಯಾದಲ್ಲಿ. ಊರು ಚಿಕ್ಕದು. ಅಲ್ಲಿಂದ ಆರೇಳು ಕಿಲೋಮೀಟರ್ ಉತ್ತರಕ್ಕೆ ಹೋದರೆ ಅಂಗ್ಕೋರ್ ವಾಟ್. ಅದರ ಆಚೆ ಕಾಡಿನೊಳಗೆ ಖ್ಮೇರ್ ರಾಜರು ಕಟ್ಟಿಸಿದ ಗುಡಿಗಳು ಸಾಲು ಸಾಲಾಗಿ ಇವೆ. ಚಿಯಾಂಗ್ ಮಾಯ್ ಥಾಯ್ಲೆಂಡಿನ ಉತ್ತರದ ಬೆಟ್ಟಗಳ ನಡುವಿನ ಪಟ್ಟಣ. 1296ರಲ್ಲಿ ಮಂಗ್ರಾಯ್ ಎಂಬ ರಾಜ ಲಾನ್ನಾ ರಾಜ್ಯದ ರಾಜಧಾನಿಯಾಗಿ ಕಟ್ಟಿದ್ದು. ಹಳೇ ಊರಿನ ಸುತ್ತ ಇವತ್ತಿಗೂ ನೀರು ತುಂಬಿದ ಚೌಕಾಕಾರದ ಕಂದಕ ಇದೆ. ಒಂದೊಂದು ಬದಿ ಸುಮಾರು ಒಂದೂವರೆ ಕಿಲೋಮೀಟರ್. ಈ ಚೌಕದೊಳಗೆ ಯಾವ ಬೀದಿ ಹಿಡಿದರೂ ಒಂದಲ್ಲ ಒಂದು ಬೌದ್ಧ ವಿಹಾರ ಸಿಕ್ಕೇ ಸಿಗುತ್ತದೆ. ಅಲ್ಲಿನವರು ಅದನ್ನು ವಾಟ್ ಎನ್ನುತ್ತಾರೆ.

ಖರ್ಚಿನ ಲೆಕ್ಕ

ಎರಡೂ ಊರಲ್ಲಿ ರೂಮು, ಊಟ ಅಗ್ಗವೇ. ಎಸಿ ಇರುವ ಚೊಕ್ಕ ಗೆಸ್ಟ್‌ಹೌಸ್ ಸಿಯೆಮ್ ರೀಪ್‌ನಲ್ಲಿ 15ರಿಂದ 20 ಡಾಲರ್‌ಗೆ ಸಿಗುತ್ತದೆ. ಚಿಯಾಂಗ್ ಮಾಯ್‌ನಲ್ಲಿ 600ರಿಂದ 900 ಬಾತ್. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂದುಕೊಳ್ಳಿ. ಹಾಗಾಗಿ ದಿನದ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಊರಿಗೆ ಕಾಲಿಡುವಾಗ ಒಂದೇ ಸಲ ಕೊಡಬೇಕಾದ ದುಡ್ಡಿನಲ್ಲಿ.

ಕಾಂಬೋಡಿಯಾಕ್ಕೆ ನಮಗೆ ವೀಸಾ ಬೇಕು. ಪ್ರವಾಸಿ ವೀಸಾಕ್ಕೆ 30 ಡಾಲರ್. ಆನ್‌ಲೈನ್‌ನಲ್ಲಿ ಮಾಡಿಸಿದರೆ ಮೇಲೆ ಒಂದಿಷ್ಟು ಸೇವಾ ಶುಲ್ಕ. ಆಮೇಲೆ ಅಂಗ್ಕೋರ್ ಟಿಕೆಟ್. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಅಂದರೆ ಮೂರು ದಿನದ ಟಿಕೆಟ್ ತೆಗೆದುಕೊಂಡರೆ, ಒಂದು ಲೋಟ ಕಾಫಿ ಕುಡಿಯುವ ಮುಂಚೆಯೇ ತಲೆಗೆ ಸುಮಾರು 8,000 ರೂಪಾಯಿ ಖಾಲಿ. ಗಂಡ ಹೆಂಡತಿ ಇಬ್ಬರು ಹೋದರೆ 16,000. ಇದರ ಜೊತೆ ಗುಡಿಗಳು ದೂರ ದೂರ ಇರುವುದರಿಂದ ದಿನವೂ ಟುಕ್‌ಟುಕ್ ಗೊತ್ತು ಮಾಡಿಕೊಳ್ಳಬೇಕು. ದಿನಕ್ಕೆ 20 ಡಾಲರ್ ಆಸುಪಾಸು. ನಮ್ಮ ಆಟೋ ತರಹದ್ದಲ್ಲ ಅದು. ಬೈಕಿನ ಹಿಂದೆ ಕೂರುವ ಗಾಡಿ ಕಟ್ಟಿರುತ್ತಾರೆ. ಗಾಳಿ ಚೆನ್ನಾಗಿ ಬೀಸುತ್ತದೆ.

ಚಿಯಾಂಗ್ ಮಾಯ್‌ನಲ್ಲಿ ಬಹಳಷ್ಟು ವಾಟ್‌ಗಳಿಗೆ ದುಡ್ಡೇ ಇಲ್ಲ. ವಾಟ್ ಫ್ರಾ ಸಿಂಗ್, ವಾಟ್ ಚೆದಿ ಲುವಾಂಗ್, ಬೆಟ್ಟದ ಮೇಲಿನ ದೊಯ್ ಸುಥೆಪ್ ತರಹದ ದೊಡ್ಡವುಗಳಿಗೆ ಮಾತ್ರ 30, 50 ಬಾತ್ ಕೇಳುತ್ತಾರೆ. ನಾವು ಒಂದು ವಾರ ಇದ್ದೆವು. ಒಬ್ಬೊಬ್ಬರಿಗೆ ಗುಡಿಯ ಟಿಕೆಟ್ ಖರ್ಚು 300 ಬಾತ್ ಕೂಡ ಮುಟ್ಟಲಿಲ್ಲ. ಹಳೇ ಊರೊಳಗೆ ನಡೆದೇ ಎಲ್ಲಾ ನೋಡಬಹುದು. ದೂರ ಹೋಗಬೇಕು ಅಂದರೆ ಕೆಂಪು ಬಣ್ಣದ ಸಾಂಗ್‌ಥೆವ್ ಗಾಡಿಗಳಿವೆ. ಪಿಕಪ್ ವ್ಯಾನಿನ ಹಿಂದೆ ಎದುರು ಬದುರು ಎರಡು ಬೆಂಚು ಹಾಕಿರುತ್ತಾರೆ. ನಮ್ಮ ಹಳ್ಳಿ ಕಡೆಯ ಟೆಂಪೋ ಇದ್ದ ಹಾಗೆ. ಕೈ ಮಾಡಿದರೆ ನಿಲ್ಲಿಸುತ್ತಾರೆ, ಎಲ್ಲಿಗೆ ಅಂತ ಹೇಳಿ ಹತ್ತಿಕೊಳ್ಳುವುದು.

ಕಲ್ಲಿಗಾಗಿ ಹೋಗುವವರಿಗೆ

ಇಷ್ಟೆಲ್ಲಾ ಲೆಕ್ಕ ಹೇಳಿದ ಮೇಲೂ ಸಿಯೆಮ್ ರೀಪ್‌ಗೆ ಹೋಗಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಅಲ್ಲಿ ಕಾಣುವಂಥದ್ದು ಚಿಯಾಂಗ್ ಮಾಯ್‌ನಲ್ಲಿ ಇಲ್ಲ. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಮ್ಮ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದ್ದು 1117ರಲ್ಲಿ. ಅಂದರೆ ಅಲ್ಲೊಬ್ಬ, ಇಲ್ಲೊಬ್ಬ, ಒಂದೇ ಕಾಲದಲ್ಲಿ ಇಬ್ಬರೂ ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದರು. ಹೌದು, ಅಂಗ್ಕೋರ್ ವಾಟ್ ಮೊದಲು ವಿಷ್ಣುವಿನ ಗುಡಿ. ಬೌದ್ಧರ ಕೈಗೆ ಬಂದದ್ದು ಆಮೇಲೆ. ಪಶ್ಚಿಮದ ಗೋಪುರದಲ್ಲಿ ಎಂಟು ಕೈಯ ವಿಷ್ಣುವಿನ ದೊಡ್ಡ ವಿಗ್ರಹ ಇವತ್ತಿಗೂ ನಿಂತಿದೆ. ಅಲ್ಲಿನ ಜನ ಅವನನ್ನು 'ತಾ ರೀಚ್' ಎಂದು ಕರೆದು ಊದುಬತ್ತಿ ಹಚ್ಚಿ ಕೈ ಮುಗಿಯುತ್ತಾರೆ. ಪ್ರವಾಸಿಗರ ಸಾಲು ಅವನನ್ನು ದಾಟಿ ಮುಂದಕ್ಕೆ ಓಡುತ್ತಿರುತ್ತದೆ. ನೀವು ಓಡಬೇಡಿ. ಒಂದು ನಿಮಿಷ ನಿಲ್ಲಿ.

ಒಳಗಿನ ಉದ್ದನೆಯ ಪಡಸಾಲೆಗಳ ಗೋಡೆ ತುಂಬಾ ಕೆತ್ತನೆ. ಪಶ್ಚಿಮದಿಂದ ಒಳಗೆ ಹೋಗಿ ಬಲಕ್ಕೆ ತಿರುಗಿದರೆ ಮೊದಲು ಸಿಗುವುದೇ ಕುರುಕ್ಷೇತ್ರ. ಬಾಣ ನಾಟಿಸಿಕೊಂಡು ಮಲಗಿದ ಭೀಷ್ಮ ಕಾಣುತ್ತಾನೆ. ಅವನನ್ನು ಗುರುತು ಹಿಡಿಯಲು ನಮಗೆ ಗೈಡ್ ಬೇಕಾಗುವುದಿಲ್ಲ, ಅಲ್ವಾ? ಹಾಗೇ ಮುಂದೆ ಹೋದರೆ ರಾಜನ ಸೈನ್ಯ, ಯಮನ ಆಸ್ಥಾನ, ಸ್ವರ್ಗ ನರಕ. ಪೂರ್ವದ ಗೋಡೆಗೆ ಬಂದರೆ ಸಮುದ್ರ ಮಥನ. ಸುಮಾರು 49 ಮೀಟರ್ ಉದ್ದದ ಒಂದೇ ಚಿತ್ರ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ವಾಸುಕಿಯನ್ನು ಎಳೆಯುತ್ತಿರುವ ಕೈಗಳ ಬಿಗಿ, ಹಿಂದಕ್ಕೆ ಒತ್ತಿದ ಕಾಲುಗಳು ಒಂದೇ ತಾಳಕ್ಕೆ ಸಾಗುತ್ತವೆ. ನನಗೆ ಅಲ್ಲಿ ಮಾತು ಹೊರಡಲಿಲ್ಲ.

ಗಮನಿಸಿದಿರಾ? ಹೀಗೆ ಹೋದರೆ ಗುಡಿ ನಮ್ಮ ಎಡಕ್ಕೆ ಬರುತ್ತದೆ. ಅಂದರೆ ಅಪ್ರದಕ್ಷಿಣೆ. ಕೆತ್ತನೆಯ ಕಥೆ ಓದಿಸಿಕೊಳ್ಳುವುದೇ ಆ ದಿಕ್ಕಿನಲ್ಲಿ. ಗುಡಿಯ ಮುಖವೂ ಪಶ್ಚಿಮಕ್ಕೆ. ಇವೆರಡನ್ನೂ ನೋಡಿ, ಇದು ರಾಜನ ಅಂತ್ಯಕ್ರಿಯೆಗೂ ಸಂಬಂಧಪಟ್ಟ ಗುಡಿ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇದರಿಂದ ನಮಗೊಂದು ಅನುಕೂಲವೂ ಇದೆ. ಎಲ್ಲರೂ ಬೆಳಗಿನ ಜಾವ ಐದಕ್ಕೇ ಬಂದು ಕೊಳದ ಹತ್ತಿರ ಸೂರ್ಯೋದಯಕ್ಕೆ ಕಾಯುತ್ತಾರೆ. ಮುಂದಿರುವವರ ಮೊಬೈಲ್ ಬಿಟ್ಟರೆ ಏನೂ ಕಾಣದಷ್ಟು ಜನ. ನೀವು ಮಧ್ಯಾಹ್ನ ಮೂರರ ಮೇಲೆ ಹೋಗಿ. ಇಳಿಬಿಸಿಲು ನೇರವಾಗಿ ಗುಡಿಯ ಮುಖಕ್ಕೆ ಬೀಳುತ್ತದೆ. ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸೂರ್ಯೋದಯ ನೋಡಲೇಬೇಕು ಅನ್ನುವವರು ಸ್ರಾಹ್ ಸ್ರಾಂಗ್ ಎಂಬ ದೊಡ್ಡ ಕೊಳದ ಮೆಟ್ಟಿಲ ಮೇಲೆ ಹೋಗಿ ಕೂರಿ. ಅಲ್ಲಿ ಜನ ಕಡಿಮೆ.

ಆದರೆ ಕನ್ನಡಿಗರು ತಪ್ಪಿಸಿಕೊಳ್ಳಲೇಬಾರದ ಗುಡಿ ಅಂದರೆ ಬಾಂಟೆಯ್ ಸ್ರೇ. ಊರಿಂದ ಸುಮಾರು 35 ಕಿಲೋಮೀಟರ್. 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ. ಎತ್ತರವೇ ಇಲ್ಲ, ಆಟದ ಗುಡಿಯಷ್ಟು ಚಿಕ್ಕದು. ಕೆಂಪು ಮಿಶ್ರಿತ ಮರಳುಗಲ್ಲಿನಲ್ಲಿ, ಮರದಲ್ಲಿ ಕೆತ್ತಿದಷ್ಟು ನಾಜೂಕಾದ ಕೆಲಸ. ಬಾಗಿಲ ಮೇಲಿನ ಕಮಾನಿನಲ್ಲಿ ರಾವಣ ಕೈಲಾಸ ಅಲುಗಾಡಿಸುತ್ತಿದ್ದಾನೆ. ಪಾರ್ವತಿ ಹೆದರಿ ಶಿವನಿಗೆ ಒರಗಿಕೊಂಡಿದ್ದಾಳೆ. ಇದೇ ಕಥೆಯನ್ನು ಹಳೇಬೀಡಿನ ಗೋಡೆಯಲ್ಲಿ ಬಳಪದ ಕಲ್ಲಿನಲ್ಲಿ ನೋಡಿ ಬೆಳೆದ ನಮಗೆ, ಅಷ್ಟು ದೂರದಲ್ಲಿ ಬೇರೆ ಕೈಗಳು ಬೇರೆ ಕಲ್ಲಿನಲ್ಲಿ ಅದನ್ನೇ ಹೇಳಿರುವುದು ಕಂಡಾಗ ಎದೆ ತುಂಬಿ ಬರುತ್ತದೆ. ವಾಲಿ ಸುಗ್ರೀವರ ಜಗಳವೂ ಇದೆ. ಇಂದ್ರ ಮಳೆ ಸುರಿಸುವ ಖಾಂಡವ ವನವೂ ಇದೆ. ಅಂಗ್ಕೋರ್ ವಾಟ್‌ಗಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ನಾವು ಉಳಿದುಕೊಂಡಿದ್ದ ಕಡೆ ಮೂರು ದಿನದ ಗಾಡಿಗೆ ಒಟ್ಟಿಗೆ ಒಂದು ಬೆಲೆ ಹೇಳಿದರು. ಒಪ್ಪಿಕೊಂಡೆವು. ಮೂರನೇ ದಿನ ಬೆಳಿಗ್ಗೆ ಬಾಂಟೆಯ್ ಸ್ರೇ ಅದರಲ್ಲಿ ಸೇರಿಲ್ಲ, ದೂರ ಇರುವುದರಿಂದ ಬೇರೆ ದುಡ್ಡು ಅಂದರು. ಕೊಟ್ಟೆವು, ಆದರೆ ಬೆಳಗಿನ ಒಂದು ಗಂಟೆ ಆ ಮಾತುಕತೆಯಲ್ಲೇ ಹೋಯಿತು. ಗಾಡಿ ಗೊತ್ತು ಮಾಡುವಾಗ ಗುಡಿಗಳ ಹೆಸರನ್ನು ಒಂದೊಂದಾಗಿ ಹೇಳಿ ಕೇಳಿಕೊಳ್ಳಿ. ಅಂಗ್ಕೋರ್ ಟಿಕೆಟ್‌ನಲ್ಲಿ ಮಾತ್ರ ಬಾಂಟೆಯ್ ಸ್ರೇ ಸೇರಿದೆ. ಅದಕ್ಕೆ ಬೇರೆ ಟಿಕೆಟ್ ಬೇಡ.

ಹೋಗುವ ದಾರಿಯಲ್ಲಿ ಪ್ರೆಆ ಡಾಕ್ ಎಂಬ ಹಳ್ಳಿ. ರಸ್ತೆ ಬದಿಯಲ್ಲೇ ದೊಡ್ಡ ಬಾಣಲೆಯಲ್ಲಿ ತಾಳೆಬೆಲ್ಲ ಕಾಯಿಸುತ್ತಾರೆ. ಆಲೆಮನೆ ನೆನಪಾಗುವ ವಾಸನೆ. ನಿಲ್ಲಿಸಿ ಬಿಸಿ ಬೆಲ್ಲ ರುಚಿ ನೋಡಿ.

ಇನ್ನುಳಿದವುಗಳಲ್ಲಿ ಬಾಯಾನ್ ಮತ್ತು ತಾ ಪ್ರೋಮ್ ಎರಡಕ್ಕೂ ಸಮಯ ಇಡಿ. ಎರಡೂ ಏಳನೇ ಜಯವರ್ಮನ ಕಾಲದವು. ಬಾಯಾನ್‌ನ ಗೋಪುರಗಳಲ್ಲಿ ನಾಲ್ಕೂ ದಿಕ್ಕಿಗೆ ನಗುವ ಮುಖಗಳಿವೆ. ಎಲ್ಲರೂ ಅವುಗಳ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಕೆಳಗಿನ ಹೊರಗೋಡೆ ನೋಡಿ. ಸಂತೆ, ಅಡುಗೆ, ಕೋಳಿ ಅಂಕ, ಮೀನು ಹಿಡಿಯುವುದು, ಹೆರಿಗೆ, ಹೀಗೆ ಎಂಟು ನೂರು ವರ್ಷದ ಹಿಂದಿನ ಸಾಮಾನ್ಯ ಜನರ ಬದುಕು ಅಲ್ಲಿದೆ. ತಾ ಪ್ರೋಮ್ ಅಂದರೆ ಮರದ ಬೇರುಗಳು ಗೋಡೆಯನ್ನು ತಬ್ಬಿಕೊಂಡಿರುವ ಗುಡಿ. 1186ರಲ್ಲಿ ರಾಜ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಇದರ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯ ಕೈ ಇದೆ. ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ ಮತ್ತೆ ಜೋಡಿಸಿದ್ದಾರೆ. ಮರ ಕಡಿದರೆ ಗೋಡೆ ಬೀಳುತ್ತದೆ, ಬಿಟ್ಟರೆ ಬೇರು ಗೋಡೆ ಸೀಳುತ್ತದೆ. ಅಂಥ ಜಾಗದಲ್ಲಿ ಕೆಲಸ ಮಾಡುವುದು ಎಷ್ಟು ಕಷ್ಟ ಅಂತ ಅಲ್ಲಿ ನಿಂತರೆ ಗೊತ್ತಾಗುತ್ತದೆ.

ಪೂಜೆ ನಡೆಯುವ ಗುಡಿಗಳು

ಚಿಯಾಂಗ್ ಮಾಯ್‌ಗೆ ಅಂಗ್ಕೋರ್ ತರಹದ್ದನ್ನು ಹುಡುಕಿಕೊಂಡು ಹೋದರೆ ನಿರಾಸೆ ಆಗುತ್ತದೆ. ಅಲ್ಲಿ ಬೆರಗಾಗಿಸುವ ದೊಡ್ಡ ಕಲ್ಲುಗುಡಿ ಇಲ್ಲ. ತೇಗದ ಕಂಬಗಳು, ಕೆಳಗಿನವರೆಗೆ ಇಳಿದು ಬಂದ ಚಾವಣಿ, ಚಿನ್ನದ ಬಣ್ಣದ ಚಿತ್ತಾರ, ತಣ್ಣನೆಯ ನೆಲ. ಮುಖ್ಯವಾಗಿ, ಅವು ದಿನವೂ ಪೂಜೆ ನಡೆಯುವ ಗುಡಿಗಳು. ಬೆಳಿಗ್ಗೆ ಆರಕ್ಕೆ ಭಿಕ್ಷುಗಳು ಬರಿಗಾಲಿನಲ್ಲಿ ಪಾತ್ರೆ ಹಿಡಿದು ಬೀದಿಗೆ ಬರುತ್ತಾರೆ. ಜನ ಮನೆ ಮುಂದೆ ಮಂಡಿಯೂರಿ ಅನ್ನ ಹಾಕುತ್ತಾರೆ. ಸಂಜೆ ವಿಹಾರದೊಳಗೆ ಪಾಲಿ ಪಠಣ ಶುರುವಾಗುತ್ತದೆ. ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ನಮ್ಮ ಅಮ್ಮ ಮಾತು ಅರ್ಥವಾಗದಿದ್ದರೂ ದಿನವೂ ಅರ್ಧ ಗಂಟೆ ಕೂರುತ್ತಿದ್ದರು. 'ಬುದ್ಧಂ ಸರಣಂ' ಅನ್ನುವುದೊಂದು ತಿಳಿಯಿತು, ಅಷ್ಟು ಸಾಕು ಅಂದರು.

ವಾಟ್ ಚೆದಿ ಲುವಾಂಗ್‌ಗೆ ಸಂಜೆ ಹೋಗಿ. ಇಟ್ಟಿಗೆಯ ಭಾರೀ ಸ್ತೂಪ, 1545ರ ಭೂಕಂಪದಲ್ಲಿ ಮೇಲ್ಭಾಗ ಕುಸಿದದ್ದು ಹಾಗೇ ಇದೆ. ಈಗ ಬ್ಯಾಂಕಾಕ್‌ನಲ್ಲಿರುವ ಪ್ರಸಿದ್ಧ ಪಚ್ಚೆ ಬುದ್ಧನ ವಿಗ್ರಹ 15ನೇ ಶತಮಾನದಲ್ಲಿ ಇಲ್ಲೇ ಇತ್ತು. ಆವರಣದಲ್ಲಿ ಊರಿನ ಕಂಬದ ಗುಡಿ ಇದೆ. ಅದರೊಳಗೆ ಹೆಂಗಸರನ್ನು ಬಿಡುವುದಿಲ್ಲ. ನನಗೆ ಬೇಜಾರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಆವರಣದಲ್ಲಿ ಇಂಗ್ಲಿಷ್ ಕಲಿಯುವ ಹುಡುಗ ಭಿಕ್ಷುಗಳು ಪ್ರವಾಸಿಗರ ಜೊತೆ ಕೂತು ಮಾತಾಡುವ ವ್ಯವಸ್ಥೆ ಇದೆ. ನಾವು ಭಾರತದವರು ಅಂದ ಕೂಡಲೇ ಬೋಧಗಯಾ ಬಗ್ಗೆ ಕೇಳಿದರು. ಅಪ್ಪ ಗಯಾಕ್ಕೆ ಹೋಗಿ ಬಂದದ್ದನ್ನು ಹೇಳಿದಾಗ ಆ ಹುಡುಗರ ಮುಖ ಅರಳಿದ್ದನ್ನು ನೋಡಬೇಕಿತ್ತು. ಊರಿನ ಅಂಚಿನಲ್ಲಿ ವಾಟ್ ಚೆಟ್ ಯೋಟ್ ಎಂಬ ವಿಹಾರವೇ ಇದೆ, ಬೋಧಗಯಾದ ಮಹಾಬೋಧಿ ಗುಡಿಯ ಮಾದರಿಯಲ್ಲಿ ಕಟ್ಟಿದ್ದು. ಅಲ್ಲಿ ಪ್ರವಾಸಿಗರು ತೀರಾ ಕಡಿಮೆ.

ಬೆಟ್ಟದ ಮೇಲಿನ ದೊಯ್ ಸುಥೆಪ್‌ಗೆ ಊರಿಂದ 15 ಕಿಲೋಮೀಟರ್. ಕೊನೆಗೆ ಎರಡೂ ಕಡೆ ನಾಗನಿರುವ 300ಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿದ್ದವರಿಗೆ ಹಳಿಯ ಮೇಲೆ ಏರುವ ಪುಟ್ಟ ಗಾಡಿ ಇದೆ. ಮೇಲಿನಿಂದ ಇಡೀ ಊರು ಕಾಣುತ್ತದೆ. ಬೆಳಿಗ್ಗೆ ಬೇಗ ಹೋದರೆ ಚಳಿಯೂ ಇರುತ್ತದೆ.

ಬಟ್ಟೆಯ ವಿಷಯ ಎರಡೂ ಊರಿಗೆ ಒಂದೇ. ಭುಜ, ಮಂಡಿ ಮುಚ್ಚಿರಬೇಕು. ಮೇಲೊಂದು ಶಾಲು ಹೊದ್ದರೆ ಆಯಿತು ಅಂದುಕೊಳ್ಳಬೇಡಿ. ಅಂಗ್ಕೋರ್ ವಾಟ್‌ನ ಎತ್ತರದ ಅಂತಸ್ತಿಗೆ ಹತ್ತುವ ಕಡೆ ತೋಳಿರುವ ಅಂಗಿ ಕೇಳುತ್ತಾರೆ. ಚೂಡಿದಾರ್ ಹಾಕುವವರಿಗೆ ಈ ಚಿಂತೆಯೇ ಇಲ್ಲ. ವಿಹಾರದಲ್ಲಿ ಕೂತಾಗ ಬುದ್ಧನ ಕಡೆಗೆ ಕಾಲು ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೈಗೆ ಕೈ ಏನನ್ನೂ ಕೊಡಬಾರದು.

ಸಸ್ಯಾಹಾರಿಗಳಿಗೆ

ಇದರಲ್ಲಿ ಚಿಯಾಂಗ್ ಮಾಯ್ ಸುಲಭವಾಗಿ ಗೆಲ್ಲುತ್ತದೆ. ಥಾಯ್ ಭಾಷೆಯಲ್ಲಿ 'ಜೇ' ಅಂದರೆ ಬೌದ್ಧರ ಕಟ್ಟುನಿಟ್ಟಾದ ಸಸ್ಯಾಹಾರ. ಮಾಂಸ, ಮೀನು, ಮೊಟ್ಟೆ ಏನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಈ ಪದ ಬರೆದ ಹಳದಿ ಬಾವುಟ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಹಳೇ ಊರೊಳಗೆ ಇಂಥ ಅಂಗಡಿಗಳು ಬೇಕಾದಷ್ಟಿವೆ. ತೆಂಗಿನ ಹಾಲಿನ ಸಾರಿನಲ್ಲಿ ನೂಡಲ್ಸ್ ಹಾಕಿ ಕೊಡುವ 'ಖಾವ್ ಸೋಯ್' ಆ ಕಡೆಯ ವಿಶೇಷ. ಸಾಮಾನ್ಯವಾಗಿ ಅದಕ್ಕೆ ಕೋಳಿ ಹಾಕುತ್ತಾರೆ. ಜೇ ಅಂಗಡಿಗಳಲ್ಲಿ ತೋಫು, ಅಣಬೆ ಹಾಕಿದ್ದು ಸಿಗುತ್ತದೆ. ಅಪ್ಪ ಏಳು ದಿನದಲ್ಲಿ ಐದು ದಿನ ಅದನ್ನೇ ತಿಂದರು.

ಸಿಯೆಮ್ ರೀಪ್‌ನಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕಾಂಬೋಡಿಯಾದ ಅಡುಗೆಯಲ್ಲಿ 'ಪ್ರಹೋಕ್' ಎಂಬ ಹುಳಿಸಿದ ಮೀನಿನ ಗೊಜ್ಜು, ಮೀನಿನ ಸಾಸ್ ಎರಡೂ ಎಲ್ಲೆಲ್ಲೂ ಇರುತ್ತವೆ. ತರಕಾರಿ ಪಲ್ಯ ಅಂತ ಕೊಟ್ಟರೂ ಅದರಲ್ಲಿ ಸೇರಿರಬಹುದು. ಮಾಂಸ, ಮೀನು, ಮೀನಿನ ಸಾಸ್ ಬೇಡ ಎಂದು ಖ್ಮೇರ್ ಭಾಷೆಯಲ್ಲಿ ಬರೆದಿದ್ದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸಿ. ಊರೊಳಗೆ ಸಸ್ಯಾಹಾರಿ ಹೋಟೆಲುಗಳಿವೆ, ನಮ್ಮ ದೇಶದ ಊಟವೂ ಸಿಗುತ್ತದೆ. ಕಷ್ಟ ಆಗುವುದು ಮಧ್ಯಾಹ್ನ ಗುಡಿಗಳ ನಡುವೆ ಇರುವಾಗ. ನಾವು ಅವಲಕ್ಕಿ, ಚಟ್ನಿಪುಡಿ, ಒಣಹಣ್ಣು ಜೊತೆಗಿಟ್ಟುಕೊಂಡಿದ್ದೆವು. ರಸ್ತೆ ಬದಿ 'ಕ್ರಲಾನ್' ಮಾರುತ್ತಾರೆ. ಬಿದಿರಿನ ಕೊಳವೆಯೊಳಗೆ ಅಂಟಕ್ಕಿ, ಕಾಳು, ತೆಂಗಿನ ಹಾಲು ತುಂಬಿ ಸುಟ್ಟಿದ್ದು. ಬಾಳೆಹಣ್ಣಿನ ಹಾಗೆ ಸಿಪ್ಪೆ ಸುಲಿದು ತಿನ್ನಬೇಕು. ಒಂದು ತಿಂದರೆ ಸಂಜೆವರೆಗೂ ಹಸಿವಾಗುವುದಿಲ್ಲ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಎರಡೂ ಊರು ಚೆನ್ನ. ಆಗ ಚಿಯಾಂಗ್ ಮಾಯ್‌ನಲ್ಲಿ ರಾತ್ರಿ ಸ್ವೆಟರ್ ಬೇಕಾಗುತ್ತದೆ. ನವೆಂಬರ್ ಹುಣ್ಣಿಮೆ ಆಸುಪಾಸಿನ ಯೀ ಪೆಂಗ್ ದೀಪದ ಹಬ್ಬಕ್ಕೆ ಹೋಗುವ ಆಸೆ ಇದ್ದರೆ ರೂಮು ತಿಂಗಳುಗಟ್ಟಲೆ ಮುಂಚೆ ಹಿಡಿಯಿರಿ. ಬೆಲೆಯೂ ಏರಿರುತ್ತದೆ.

ಈಗ ಮಾರ್ಚ್ ವಿಷಯ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಉತ್ತರ ಥಾಯ್ಲೆಂಡ್ ಮತ್ತು ಪಕ್ಕದ ದೇಶಗಳಲ್ಲಿ ಹೊಲದ ಕೂಳೆಗೆ ಬೆಂಕಿ ಹಾಕುತ್ತಾರೆ. ಕಾಡೂ ಉರಿಯುತ್ತದೆ. ಚಿಯಾಂಗ್ ಮಾಯ್ ಬಟ್ಟಲಿನ ತರಹದ ಕಣಿವೆಯಲ್ಲಿದೆ. ಹೊಗೆ ಹೊರಗೆ ಹೋಗದೆ ಅಲ್ಲೇ ನಿಂತುಬಿಡುತ್ತದೆ. ಜಗತ್ತಿನಲ್ಲೇ ಅತಿ ಕೆಟ್ಟ ಗಾಳಿ ಇರುವ ನಗರಗಳ ಪಟ್ಟಿಯಲ್ಲಿ ಕೆಲವು ದಿನ ಅದು ಮೊದಲ ಸ್ಥಾನಕ್ಕೆ ಬರುತ್ತದೆ. ಊರಿನಿಂದಲೇ ಕಾಣುವ ದೊಯ್ ಸುಥೆಪ್ ಬೆಟ್ಟ ಆಗ ಕಾಣುವುದೇ ಇಲ್ಲ. ನಮ್ಮಲ್ಲಿ ಶಾಲೆಯ ಪರೀಕ್ಷೆ ಮುಗಿದು ಜನ ಪ್ರವಾಸಕ್ಕೆ ಹೊರಡುವುದು ಇದೇ ಸಮಯಕ್ಕೆ. ಟಿಕೆಟ್ ಅಗ್ಗ ಅಂತ ಕೊಂಡುಬಿಡುತ್ತಾರೆ. ಮಕ್ಕಳಿಗೆ ಆಸ್ತಮಾ ಇದ್ದರಂತೂ ದಯವಿಟ್ಟು ಈ ತಿಂಗಳು ಬೇಡ.

ಸಿಯೆಮ್ ರೀಪ್‌ನಲ್ಲಿ ಮಾರ್ಚ್, ಏಪ್ರಿಲ್ ಅಂದರೆ ರಾಯಚೂರಿನ ಬಿಸಿಲು, ಜೊತೆಗೆ ಮಂಗಳೂರಿನ ಬೆವರು. ಕಲ್ಲಿನ ಮೇಲೆ ನಡೆಯುವುದು ಕಷ್ಟ. ಆದರೂ ಬೆಳಿಗ್ಗೆ ಹನ್ನೊಂದರವರೆಗೆ, ಸಂಜೆ ಮೂರರ ಮೇಲೆ ಅಂತ ದಿನವನ್ನು ಎರಡು ಮಾಡಿಕೊಂಡರೆ ಆಗುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೂ ಅಂಗ್ಕೋರ್‌ಗೆ ಒಳ್ಳೆಯದೇ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಸುರಿದು ನಿಲ್ಲುತ್ತದೆ. ಜನ ಕಡಿಮೆ, ಕಂದಕ ತುಂಬಿರುತ್ತದೆ, ಕಲ್ಲಿನ ಮೇಲೆ ಪಾಚಿ ಹಸಿರು ಹೊಳೆಯುತ್ತದೆ. ಮೆಟ್ಟಿಲು ಜಾರುತ್ತದೆ, ಒಳ್ಳೆ ಚಪ್ಪಲಿ ಇರಲಿ.

ಜೊತೆಗೆ ಯಾರಿದ್ದಾರೆ

ಅಪ್ಪ ಅಮ್ಮನನ್ನು ಸಿಯೆಮ್ ರೀಪ್‌ಗೆ ಕರೆದುಕೊಂಡು ಹೋಗಬಾರದು ಅಂತಲ್ಲ. ಆದರೆ ಅಂಗ್ಕೋರ್ ವಾಟ್‌ನಲ್ಲಿ ಹೊರಗಿನ ಗೋಪುರದಿಂದ ಗುಡಿಯವರೆಗಿನ ಕಲ್ಲುದಾರಿಯೇ 350 ಮೀಟರ್. ನೆರಳಿಲ್ಲ. ಬಹಳಷ್ಟು ಗುಡಿಗಳಲ್ಲಿ ಹೊಸ್ತಿಲು ಎತ್ತರ, ಮೆಟ್ಟಿಲು ಕಡಿದು. ಮೇಲಿನ ಅಂತಸ್ತಿನ ಮೆಟ್ಟಿಲು ಏಣಿಯಂತಿದೆ, ಬೌದ್ಧರ ಪವಿತ್ರ ದಿನಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ಹಿರಿಯರಿದ್ದರೆ ದಿನಕ್ಕೆ ಎರಡು ಗುಡಿ ಸಾಕು. ಬಾಂಟೆಯ್ ಸ್ರೇ ಸಮತಟ್ಟಾಗಿದೆ, ಅವರಿಗೆ ಅದೇ ಸರಿ. ಟುಕ್‌ಟುಕ್ ಬದಲು ಎಸಿ ಕಾರು ಮಾಡಿಕೊಳ್ಳಿ. ಹೀಗೆಲ್ಲಾ ಮಾಡಿದರೆ ಖರ್ಚು ಏರುತ್ತದೆ. ಅದಕ್ಕೇ ಹಿರಿಯರ ಜೊತೆ ಚಿಯಾಂಗ್ ಮಾಯ್ ಅಂತ ಹೇಳಿದ್ದು. ಅಲ್ಲಿ ದಣಿದರೆ ಹತ್ತು ನಿಮಿಷದಲ್ಲಿ ರೂಮು ಸೇರಬಹುದು.

ಮಕ್ಕಳಿಗೆ ಎರಡೂ ಇಷ್ಟವಾಗುತ್ತದೆ. ಅಂಗ್ಕೋರ್‌ನಲ್ಲಿ 12 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ತೋರಿಸಬೇಕು. ಮಹಾಭಾರತ, ರಾಮಾಯಣ ಗೊತ್ತಿರುವ ಮಕ್ಕಳಿಗೆ ಆ ಗೋಡೆಗಳು ಕಥೆಪುಸ್ತಕ ಇದ್ದ ಹಾಗೆ. ಚಿಯಾಂಗ್ ಮಾಯ್‌ನಲ್ಲಿ ಭಾನುವಾರ ಸಂಜೆ ಹಳೇ ಊರಿನ ನಡುರಸ್ತೆ ಪೂರ್ತಿ ಸಂತೆಯಾಗುತ್ತದೆ. ಅಲ್ಲಿ ಆನೆ ನೋಡುವುದಾದರೆ ಸವಾರಿ ಮಾಡಿಸುವ ಕಡೆ ಹೋಗಬೇಡಿ. ಸವಾರಿ, ಆಟ ಇಲ್ಲದೆ ಆನೆಗಳನ್ನು ಅವುಗಳ ಪಾಡಿಗೆ ಬಿಟ್ಟಿರುವ ತಾಣಗಳಿವೆ. ದುಬಾರಿ, ಆದರೂ ಅಲ್ಲಿಗೇ ಹೋಗಿ.

ಹೋಗುವ ದಾರಿ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ, ನಾಲ್ಕು ಗಂಟೆ ಹತ್ತಿರ. ಅಲ್ಲಿಂದ ಚಿಯಾಂಗ್ ಮಾಯ್‌ಗೆ ದಿನವಿಡೀ ವಿಮಾನಗಳಿವೆ. ಅದಕ್ಕಿಂತ ನನಗೆ ಇಷ್ಟ ರಾತ್ರಿ ರೈಲು. 751 ಕಿಲೋಮೀಟರ್, ಸಂಜೆ ಹತ್ತಿದರೆ ಬೆಳಿಗ್ಗೆ ಬೆಟ್ಟಗಳ ನಡುವೆ ಎಚ್ಚರ. ಎಸಿ ಸ್ಲೀಪರ್ ಸುಮಾರು ಸಾವಿರ ಬಾತ್, ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯಿತು. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿತು. ಎಷ್ಟು ದಿನ ಇರಬಹುದು ಎಂಬ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ರಾಯಭಾರ ಕಚೇರಿಯ ತಾಣ ನೋಡಿ. 2025ರ ಮೇ ತಿಂಗಳಿಂದ ಆನ್‌ಲೈನ್ ಆಗಮನ ಕಾರ್ಡ್ ತುಂಬುವುದು ಕಡ್ಡಾಯ. ಅದು ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ.

ಸಿಯೆಮ್ ರೀಪ್‌ಗೆ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಬಹುದು. 2023ರ ಅಕ್ಟೋಬರ್‌ನಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಗಿದೆ. ಅದು ಊರಿಂದ 50 ಕಿಲೋಮೀಟರ್ ಹತ್ತಿರ, ನಮ್ಮ ದೇವನಹಳ್ಳಿಯ ಹಾಗೆ. ರಾತ್ರಿ ತಡವಾಗಿ ಇಳಿಯುವ ಹಾಗಿದ್ದರೆ ಗಾಡಿ ಮೊದಲೇ ಗೊತ್ತು ಮಾಡಿ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಗಡಿ ದಾಟಿ ಹೋಗುವುದು ಹಿಂದೆ ಅಗ್ಗದ ದಾರಿಯಾಗಿತ್ತು. 2025ರಲ್ಲಿ ಎರಡು ದೇಶಗಳ ನಡುವೆ ಗಡಿಯಲ್ಲಿ ಕಾಳಗವೇ ನಡೆದು ಆ ದಾರಿ ಮುಚ್ಚಿತು. ಹಳೇ ಸಲಹೆ ನಂಬಿ ಆ ಲೆಕ್ಕದಲ್ಲಿ ಬಜೆಟ್ ಹಾಕಬೇಡಿ. ಕಾಂಬೋಡಿಯಾದಲ್ಲಿ ಡಾಲರ್ ನೋಟೇ ನಡೆಯುತ್ತದೆ, ಚಿಲ್ಲರೆ ಮಾತ್ರ ರಿಯೆಲ್‌ನಲ್ಲಿ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್. ನೋಟಿನ ಅಂಚು ಸ್ವಲ್ಪ ಹರಿದಿದ್ದರೂ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲೇ ಹೊಸ, ಸಣ್ಣ ನೋಟು ಕೇಳಿ ಪಡೆಯಿರಿ.

ನನ್ನ ತಂಗಿ ಕೊನೆಗೆ ಎರಡನ್ನೂ ಒಂದೇ ಸಲ ನೋಡಬಹುದಾ ಎಂದು ಕೇಳಿದಳು. ಒಂದು ವಾರದಲ್ಲಿ ಬೇಡ ಅಂದೆ. ಹತ್ತು ದಿನ ಇದ್ದರೆ ಆಗುತ್ತದೆ. ಆಗ ಮೊದಲು ಸಿಯೆಮ್ ರೀಪ್‌ಗೆ ಹೋಗಿ ನಾಲ್ಕು ರಾತ್ರಿ ಇರಿ. ಮೂರು ದಿನದ ಟಿಕೆಟ್ 10 ದಿನ ನಡೆಯುತ್ತದೆ, ದಿನಗಳ ನಡುವೆ ಬಿಡುವು ಕೊಡಬಹುದು. ಆಮೇಲೆ ಬ್ಯಾಂಕಾಕ್ ಮೂಲಕ ಚಿಯಾಂಗ್ ಮಾಯ್‌ಗೆ ಬನ್ನಿ. ಅಷ್ಟು ನಡೆದು ಕಾಲು ಸೋತಿರುತ್ತದೆ, ಕಣ್ಣೂ ತುಂಬಿರುತ್ತದೆ. ಅವಳಿಗೆ ಸಿಕ್ಕಿದ್ದು ಏಳೇ ದಿನ. ಕಳೆದ ವರ್ಷ ಅವಳು ಹಳೇಬೀಡಿನಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡಿದ್ದು ನನಗೆ ನೆನಪಿತ್ತು. ಸಿಯೆಮ್ ರೀಪ್ ಟಿಕೆಟ್ ಮಾಡಿಸು ಅಂದೆ.